ಕಾಸರಗೋಡಿಗೆ ರನ್‌ವೇ ಬೇಕಾ, ದಿನಕ್ಕೆರಡು ಎಟಿಆರ್ ಬೇಕಾ?

ಕುಂಬಳೆ ಕಡಲು

ಬೇಕಲದ ಹತ್ತಿರ ಪೆರಿಯದಲ್ಲಿ ಏರ್‌ಸ್ಟ್ರಿಪ್, ಅಂದರೆ ಸಣ್ಣ ವಿಮಾನ ಇಳಿಯುವ ಜಾಗ, ಮಾಡುವ ಮಾತು ಮತ್ತೆ ಕಿವಿಗೆ ಬೀಳುತ್ತಿದೆ. ಬೇಕಲಕ್ಕೆ ಪ್ರವಾಸಿಗರು ಬರುತ್ತಾರೆ, ಜಿಲ್ಲೆಗೂ ಒಂದು ಸ್ವಂತ ವಿಮಾನ ನಿಲ್ದಾಣ ಇರಲಿ ಅಂತ ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಆಸೆ ತಪ್ಪಲ್ಲ. ಆದರೆ ನಮಗೆ ಕೊರತೆ ಇರುವುದು ರನ್‌ವೇಯದ್ದಲ್ಲ ಅಂತ ನನ್ನ ವಾದ.

ಬಡಗಿನಲ್ಲಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಇದೆ. ಮಂಜೇಶ್ವರದವರಿಗೆ ನಲವತ್ತು ಕಿಲೋಮೀಟರ್ ಆಸುಪಾಸು, ಕಾಸರಗೋಡು ಪೇಟೆಯವರಿಗೆ ಅರುವತ್ತು-ಎಪ್ಪತ್ತು. ತೆಂಕಿನಲ್ಲಿ ಮಟ್ಟನ್ನೂರಿನ ಕಣ್ಣೂರು ನಿಲ್ದಾಣ. 2018ರ ಡಿಸೆಂಬರ್ 9ರಂದು ಶುರುವಾಯಿತು, 3,050 ಮೀಟರ್ ರನ್‌ವೇ. ಎರಡು ನಿಲ್ದಾಣಗಳ ನಡುವೆ ಇದ್ದೇವೆ. ಆದರೂ ನಮ್ಮವರು ತಿರುವನಂತಪುರದ ಸೆಕ್ರೆಟರಿಯೇಟಿಗೆ ಒಂದು ಫೈಲ್ ಹಿಡಿದು ಹೋಗಬೇಕಾದರೆ ಇವತ್ತಿಗೂ ರಾತ್ರಿ ರೈಲು ಹತ್ತುತ್ತಾರೆ. ವಂದೇ ಭಾರತ್ ಬಂದ ಮೇಲೂ ಹೋಗಲು ಎಂಟು ಗಂಟೆ, ಬರಲು ಎಂಟು ಗಂಟೆ. ಅಂದರೆ ಒಂದು ಸಹಿಗೆ ಎರಡು ದಿನ.

ನಮಗೆ ಬೇಕಿರುವುದು ಬೆಳಗ್ಗೆ ಬೇಗ ಹೊರಟು ಸಂಜೆ ವಾಪಸ್ ಬರುವ ಸಣ್ಣ ವಿಮಾನ. ದೊಡ್ಡ ಜೆಟ್ ಇಂಥ ದಾರಿಗೆ ದಿನಕ್ಕೆರಡು ಸಲ ಬರುವುದಿಲ್ಲ, ಅಷ್ಟು ಜನ ಇಲ್ಲ. ಪ್ರೊಪೆಲ್ಲರ್ ಇರುವ ಎಟಿಆರ್ ಎಂಬ ಸಣ್ಣ ವಿಮಾನ ಬರಬಹುದು. ಆ ವಿಮಾನ ಕಂಡರೆ "ಅಯ್ಯೋ ಫ್ಯಾನಿನ ವಿಮಾನವಾ" ಅಂತ ಮೂಗು ಮುರಿಯುವವರೇ ಜಾಸ್ತಿ. ಈ ಥ್ರೆಡ್ ಹಾಕಿದ್ದು ಅದಕ್ಕೇ. ಗಡಿ ಜಿಲ್ಲೆಗಳ ಬೇರೆ ಕಡೆಯವರೂ ನಿಮ್ಮ ಊರಿನ ಕತೆ ಹೇಳಿ.

ಪೆರ್ಲದ ಕೃಷಿಕ

ಮೂಗು ಮುರಿಯುವುದಕ್ಕೆ ಕಾರಣ ಇದೆ ಮಾರಾಯ್ರೆ. ಸದ್ದು ಜಾಸ್ತಿ, ಕುಲುಕಾಟ ಜಾಸ್ತಿ. ನನ್ನ ಅಮ್ಮ ಒಂದು ಸಲ ಕೂತವರು ಮತ್ತೆ ಬೇಡ ಅಂದರು. ನಿಧಾನ ಬೇರೆ. ದುಡ್ಡು ಕೊಟ್ಟು ನಿಧಾನದ ವಿಮಾನ ಯಾಕೆ ಹತ್ತಬೇಕು?

ಬಜ್ಪೆ ರ‍್ಯಾಂಪ್

ನಾನು ಕೆಲವು ವರ್ಷ ವಿಮಾನ ನಿಲ್ಲುವ ಜಾಗದಲ್ಲಿ ಕೆಲಸ ಮಾಡಿದವನು. ಎಟಿಆರ್ ಹತ್ತಿರದಿಂದ ನೋಡಿದ್ದೇನೆ. ಆ ವಿಮಾನದ ಮೇಲೆ ನನಗೆ ಪ್ರೀತಿ ಇದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಧಾನದ ಮಾತು. ಎಟಿಆರ್ 72-600 ಗಂಟೆಗೆ ಸುಮಾರು 510 ಕಿಲೋಮೀಟರ್ ಓಡುತ್ತದೆ. ಏರ್‌ಬಸ್ ಎ320 ಎಂಟುನೂರರ ಮೇಲೆ. ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ. ಆದರೆ ಮಂಗಳೂರು-ಬೆಂಗಳೂರು ಆಕಾಶದಲ್ಲಿ ಬರೀ 300 ಕಿಲೋಮೀಟರ್. ಜೆಟ್ ಪೂರ್ತಿ ಎತ್ತರಕ್ಕೆ ಏರಿ ನೆಟ್ಟಗಾಗುವಷ್ಟರಲ್ಲಿ ಇಳಿಯುವ ಸಮಯ ಬಂದಿರುತ್ತದೆ. ಇಷ್ಟು ಹತ್ತಿರದ ದಾರಿಯಲ್ಲಿ ಉಳಿಯುವುದು ಹತ್ತು-ಹದಿನೈದು ನಿಮಿಷ ಅಷ್ಟೆ. ಅದಕ್ಕಿಂತ ಜಾಸ್ತಿ ಹೊತ್ತು ಸೆಕ್ಯುರಿಟಿ ಸಾಲಿನಲ್ಲೇ ಹೋಗುತ್ತದೆ.

ಇನ್ನು ಒಳಗೆ ಏನಾಗುತ್ತದೆ ಅಂತ. ಹೊರಗೆ ಕಾಣುವುದು ಪ್ರೊಪೆಲ್ಲರ್, ಆದರೆ ಒಳಗಿರುವುದು ಜೆಟ್ ಜಾತಿಯದೇ ಗ್ಯಾಸ್ ಟರ್ಬೈನ್ ಎಂಜಿನ್. ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾದ ಪಿಡಬ್ಲ್ಯೂ127. ಆ ಟರ್ಬೈನ್ ತುಂಬಾ ವೇಗವಾಗಿ ಸುತ್ತುತ್ತದೆ. ಗೇರ್‌ಬಾಕ್ಸ್ ಅದನ್ನು ಇಳಿಸಿ ಪ್ರೊಪೆಲ್ಲರಿಗೆ ಕೊಡುತ್ತದೆ. ಟೇಕಾಫ್ ಹೊತ್ತಿಗೆ ಪ್ರೊಪೆಲ್ಲರ್ ನಿಮಿಷಕ್ಕೆ 1,200 ಸುತ್ತು, ಮೇಲೆ ಹೋದ ಮೇಲೆ ಸಾವಿರಕ್ಕಿಂತ ಕಡಿಮೆ. ಆರು ಬ್ಲೇಡು, ಸುಮಾರು ನಾಲ್ಕು ಮೀಟರ್ ಅಗಲ. ಜೆಟ್ ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳಿದರೆ ಇದು ಜಾಸ್ತಿ ಗಾಳಿಯನ್ನು ಮೆಲ್ಲಗೆ ತಳ್ಳುತ್ತದೆ. ಕಡಿಮೆ ವೇಗದಲ್ಲಿ ಹಾಗೆ ತಳ್ಳುವುದೇ ಇಂಧನಕ್ಕೆ ಉಳಿತಾಯ.

ಇನ್ನೊಂದು ವಿಷಯ ಹೇಳಲೇಬೇಕು. ಎಟಿಆರ್‌ನ ಬಾಲದಲ್ಲಿ ದೊಡ್ಡ ವಿಮಾನಗಳಿಗಿರುವ ಸಣ್ಣ ಸಹಾಯಕ ಎಂಜಿನ್ ಇಲ್ಲ. ತೂಕ ಉಳಿಸಲು ಅದನ್ನು ಬಿಟ್ಟುಬಿಟ್ಟಿದ್ದಾರೆ. ನಿಂತಾಗ ಕರೆಂಟು, ಎಸಿ ಎಲ್ಲಿಂದ? ಬಲಗಡೆ ಎಂಜಿನ್ ಓಡುತ್ತಾ ಇರುತ್ತದೆ, ಅದರ ಪ್ರೊಪೆಲ್ಲರಿಗೆ ಮಾತ್ರ ಬ್ರೇಕ್ ಹಾಕಿರುತ್ತಾರೆ. ಇದಕ್ಕೆ ಹೋಟೆಲ್ ಮೋಡ್ ಅನ್ನುತ್ತೇವೆ. ಪ್ರಯಾಣಿಕರು ಎಡಗಡೆ ಹಿಂದಿನ ಬಾಗಿಲಿಂದ ಹತ್ತುತ್ತಾರೆ, ಲಗೇಜು ಎಡಗಡೆ ಮುಂದಿನ ಬಾಗಿಲಿಂದ. ಹಿಂದಿನಿಂದ ಜನ ಹತ್ತುವಾಗ ಬಾಲ ಕೂರಬಾರದು ಅಂತ ಅಡಿಗೆ ಒಂದು ಊರುಗೋಲು ಕೊಡುತ್ತೇವೆ. ಚಕ್ರಕ್ಕೆ ಚೋಕ್, ಪ್ರೊಪೆಲ್ಲರ್ ಸುತ್ತ ಕೋನ್, ಬಾಲಕ್ಕೆ ಊರುಗೋಲು, ಆಮೇಲೆ ಬಾಗಿಲು. ಬಾಗಿಲಲ್ಲೇ ಮೆಟ್ಟಿಲು ಇದೆ. ಏಣಿ ಗಾಡಿ ಬೇಡ, ಏರೋಬ್ರಿಡ್ಜ್ ಬೇಡ. ಸಣ್ಣ ಊರಿನ ನಿಲ್ದಾಣದಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಪೆರ್ಲದವರಿಗೆ ಒಂದು ಸಲಹೆ. ಅಮ್ಮನಿಗೆ ಹಿಂದಿನ ಸಾಲಿನ ಸೀಟು ತೆಗೆದುಕೊಡಿ. ಪ್ರೊಪೆಲ್ಲರ್ ಇರುವುದು ಮುಂದಿನ ಅರ್ಧದಲ್ಲಿ, ಸದ್ದು ಹಿಂದೆ ತುಂಬಾ ಕಡಿಮೆ. ರೆಕ್ಕೆ ಕಿಟಕಿಗಿಂತ ಮೇಲೆ ಇರುವುದರಿಂದ ಘಟ್ಟ ಪೂರ್ತಿ ಕಾಣುತ್ತದೆ. ಎರಡು-ಎರಡು ಸೀಟು, ನಡುವೆ ಸಿಕ್ಕಿಹಾಕಿಕೊಳ್ಳುವ ಸೀಟೇ ಇಲ್ಲ.

ಉಪ್ಪಳ-ದುಬೈ

ಒಳ್ಳೆ ಮಾಹಿತಿ. ಆದರೆ ನಮ್ಮಂಥವರಿಗೆ ಬೇಕಾದ್ದು ಗಲ್ಫ್ ವಿಮಾನ. ಅದು ಎಟಿಆರ್‌ನಲ್ಲಿ ಆಗುವುದಿಲ್ಲ ಅಲ್ವಾ?

ಕುಂಬಳೆ ಕಡಲು

ಆಗುವುದಿಲ್ಲ. ಪೂರ್ತಿ ಜನ ತುಂಬಿದರೆ ಅದರ ಓಟ 1,400 ಕಿಲೋಮೀಟರ್ ಸುತ್ತಮುತ್ತ. ಗಲ್ಫಿಗೆ ಬಜ್ಪೆ, ಕಣ್ಣೂರಿನ ಜೆಟ್‌ಗಳೇ ಬೇಕು. ಇಲ್ಲಿ ಮಾತಾಡುತ್ತಿರುವುದು ಮುನ್ನೂರರಿಂದ ಆರುನೂರು ಕಿಲೋಮೀಟರ್ ಒಳಗಿನ ದಾರಿಗಳ ಬಗ್ಗೆ.

ಅಕ್ಕಲಕೋಟೆ ಕನ್ನಡಿಗ

ನಮ್ಮ ಕಡೆ ಕತೆ ಕೇಳಿ. ಸೋಲಾಪುರದಲ್ಲಿ ರನ್‌ವೇ ಇತ್ತು, ವಿಮಾನ ಇರಲಿಲ್ಲ. ಕಿಂಗ್‌ಫಿಷರ್ ಕಾಲದಲ್ಲಿ ಮುಂಬೈಗೆ ಎಟಿಆರ್ ಬರುತ್ತಿತ್ತು, ಅದು ನಿಂತ ಮೇಲೆ ವರ್ಷಗಟ್ಟಲೆ ಏನೂ ಇಲ್ಲ. ವಿಮಾನ ಇಳಿಯುವ ದಾರಿಗೆ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿ ಅಡ್ಡ ಇದೆ ಅಂತ ದೊಡ್ಡ ಜಗಳ ನಡೆಯಿತು. ಕಬ್ಬು ಬೆಳೆಗಾರರು ಒಂದು ಕಡೆ, ಪೇಟೆಯವರು ಒಂದು ಕಡೆ. ಕೊನೆಗೆ 2023ರ ಜೂನ್‌ನಲ್ಲಿ ಆ ಚಿಮಣಿ ಕೆಡವಿದರು. ನಮ್ಮ ಸುತ್ತಲಿನ ಹಳ್ಳಿಗಳ ರೈತರಿಗೆ ಅದು ಬರೀ ಚಿಮಣಿ ಆಗಿರಲಿಲ್ಲ, ಅವರ ಕಬ್ಬು ನುರಿಸುವ ಕಾರ್ಖಾನೆ ಅದು. ಇಷ್ಟೆಲ್ಲಾ ಆದ ಮೇಲೂ ಮೊದಲ ವಿಮಾನ ಬಂದದ್ದು 2025ರ ಜೂನ್‌ನಲ್ಲಿ, ಗೋವಾಕ್ಕೆ. ಬಂದದ್ದು ಯಾವುದು? ಫ್ಲೈ91ನ ಎಟಿಆರ್ 72.

ಆದ್ದರಿಂದ ಕುಂಬಳೆಯವರ ಮಾತು ನನಗೆ ಅರ್ಥ ಆಗುತ್ತದೆ. ರನ್‌ವೇ ಇದ್ದರೆ ಸಾಲದು. ಆ ರನ್‌ವೇಗೆ ದಿನಾ ಬರುವಂಥ ವಿಮಾನ, ಆ ವಿಮಾನ ಓಡಿಸುವ ಮನಸ್ಸಿರುವ ಕಂಪನಿ ಬೇಕು. ನಮಗೆ ಬೇಕಿರುವುದು ಬೆಂಗಳೂರಿಗೆ ಬೆಳಗ್ಗೆ ಹೋಗಿ ಸಂಜೆ ಬರುವಂಥ ವಿಮಾನ. ಸೋಲಾಪುರ-ಬೆಂಗಳೂರು ನೇರ ಅಳೆದರೆ ಐನೂರು ಚಿಲ್ಲರೆ ಕಿಲೋಮೀಟರ್. ಅಕ್ಕಲಕೋಟೆ ಸ್ವಾಮಿ ಸಮರ್ಥರ ದರ್ಶನಕ್ಕೆ, ಗಾಣಗಾಪುರಕ್ಕೆ ಬೆಂಗಳೂರಿನಿಂದ ಬರುವವರು ಎಷ್ಟು ಜನ ನೋಡ್ರಿ. ಚಾದರ್ ವ್ಯಾಪಾರದವರು ಬೇರೆ. ಹೆಚ್ಚಿನವರು ರಾತ್ರಿ ಬಸ್ಸು, ರಾತ್ರಿ ರೈಲು.

ಹೊಸದುರ್ಗ ಟೀಚರ್

ನಮ್ಮದು ಕಾಸರಗೋಡು ಜಿಲ್ಲೆಯ ಹೊಸದುರ್ಗ, ನಾನು ಪೆರಿಯದ ಪರ. ಕೇಂದ್ರೀಯ ವಿಶ್ವವಿದ್ಯಾಲಯ ಅಲ್ಲೇ ಇದೆ, ಬೇಕಲ ಹತ್ತಿರ. ನಮ್ಮ ಜಿಲ್ಲೆಯಲ್ಲಿ ತುರ್ತು ಕಾಯಿಲೆಗೂ ಮಂಗಳೂರಿಗೆ ಓಡಬೇಕು. ಒಂದು ಸಣ್ಣ ಏರ್‌ಸ್ಟ್ರಿಪ್ ಇದ್ದರೆ ಏರ್ ಆಂಬುಲೆನ್ಸ್ ಆದರೂ ಇಳಿಯುತ್ತದೆ. ಯಾವತ್ತೂ ಪಕ್ಕದ ಜಿಲ್ಲೆ, ಪಕ್ಕದ ರಾಜ್ಯದ ಸೌಕರ್ಯ ನಂಬಿಕೊಂಡೇ ಇರಬೇಕಾ? ಎಟಿಆರ್‌ಗೆ ರನ್‌ವೇ ಚಿಕ್ಕದು ಸಾಕು ಅಂತಾರಲ್ಲ, ಹಾಗಾದರೆ ನಮ್ಮಲ್ಲೇ ಮಾಡಲಿ.

ಬಜ್ಪೆ ರ‍್ಯಾಂಪ್

ಟೀಚರ್, ನಿಮ್ಮ ನೋವು ನ್ಯಾಯವಾದದ್ದೇ. ಲೆಕ್ಕ ಮಾತ್ರ ನೋಡೋಣ.

ಎಟಿಆರ್ 72-600 ಪೂರ್ತಿ ಭಾರದಲ್ಲಿ ಏಳಲು ಸಮುದ್ರಮಟ್ಟದಲ್ಲಿ, ಹಿತವಾದ ಹವೆಯಲ್ಲಿ ಸುಮಾರು 1,300 ಮೀಟರ್ ಸಾಕು. ನಮ್ಮ ಏಪ್ರಿಲ್ ಬಿಸಿಲಿಗೆ, ಒದ್ದೆ ರನ್‌ವೇಗೆ ಇನ್ನೂ ಬೇಕು. 1,400 ಅಂತಲೇ ಇಟ್ಟುಕೊಳ್ಳಿ. ಮಳೆಗಾಲದಲ್ಲೂ ಉಪಕರಣ ನೋಡಿ ಇಳಿಯಬೇಕಾದರೆ ರನ್‌ವೇ ನಡುಗೆರೆಯ ಎರಡೂ ಪಕ್ಕ 140 ಮೀಟರ್ ಅಡ್ಡಿ ಇಲ್ಲದ ಜಾಗ ಬಿಡಬೇಕು ಅಂತ ಅಂತಾರಾಷ್ಟ್ರೀಯ ನಿಯಮ. ಎರಡೂ ತುದಿಗೆ ತಲಾ 60 ಮೀಟರ್. ಅಷ್ಟಕ್ಕೇ ನೂರು ಎಕರೆ ದಾಟಿತು. ಅದರಾಚೆ ತುದಿಗಳಲ್ಲಿ ಸುರಕ್ಷತಾ ಜಾಗ, ಟರ್ಮಿನಲ್, ವಿಮಾನ ನಿಲ್ಲಿಸುವ ಅಂಗಳ, ಅಗ್ನಿಶಾಮಕ, ರಸ್ತೆ. ನಮ್ಮ ಲ್ಯಾಟರೈಟ್ ಗುಡ್ಡದಲ್ಲಿ ಇಷ್ಟು ಸಮತಟ್ಟು ಮಾಡಬೇಕಾದರೆ ಗುಡ್ಡ ಕಡಿದು ಕಣಿವೆ ತುಂಬಬೇಕು. ಆಮೇಲೆ ಅದು ಟೇಬಲ್‌ಟಾಪ್, ಅಂದರೆ ತುದಿಗಳಲ್ಲಿ ಕಣಿವೆ ಇರುವ ರನ್‌ವೇ ಆಗುತ್ತದೆ.

ಇದಕ್ಕಿಂತ ಚಿಕ್ಕದು ಮಾಡಿದರೆ ಬರುವುದು 19 ಸೀಟಿನ ಡೋರ್ನಿಯರ್ 228, ಟ್ವಿನ್ ಆಟರ್ ಥರದ್ದು. ಎಟಿಆರ್ ಕಂಪನಿ 800 ಮೀಟರ್ ರನ್‌ವೇಗೆ ಅಂತ 42-600ಎಸ್ ಎಂಬ ವಿಮಾನ ಮಾಡಲು ಹೊರಟಿತ್ತು, 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಲಕ್ಷದ್ವೀಪದ ಅಗತ್ತಿಯನ್ನೇ ನೋಡಿ. ಅಲ್ಲಿನ ರನ್‌ವೇ 1,204 ಮೀಟರ್. ಅಲ್ಲಿಗೆ ಎಟಿಆರ್ ಬರುತ್ತದೆ, ಆದರೆ ಎಲ್ಲ ಸೀಟು ತುಂಬಿಸಿಕೊಂಡು ಏಳಲು ಆಗುವುದಿಲ್ಲ. ಸುತ್ತ ಸಮುದ್ರ ಇರುವ ದ್ವೀಪಕ್ಕೆ ಬೇರೆ ದಾರಿ ಇಲ್ಲ, ಹಾಗಾಗಿ ಆ ನಷ್ಟ ಸಹಿಸಬಹುದು. ನಮಗೆ ಆರು ಲೇನಿನ ಹೆದ್ದಾರಿ ಬಂದಿದೆ.

ಆಂಬುಲೆನ್ಸಿಗೆ ಹೆಲಿಪ್ಯಾಡ್ ಕೇಳೋಣ. ಅದಕ್ಕಿಂತ ಮೊದಲು ಜಿಲ್ಲೆಯಲ್ಲೇ ಸರಿಯಾದ ಆಸ್ಪತ್ರೆ ಕೇಳೋಣ. ಈ ವಿಷಯದಲ್ಲಿ ನಾನು ನಿಮ್ಮ ಜೊತೆ.

ಹೊಸದುರ್ಗ ಟೀಚರ್

ಹೆಲಿಪ್ಯಾಡ್ ಮಾತಿಗೆ ಒಪ್ಪಿದೆ. ಉಳಿದದ್ದಕ್ಕೆ ಇನ್ನೂ ಒಪ್ಪಿಲ್ಲ. ಮಟ್ಟನ್ನೂರಿಗೆ ಹೊಸದುರ್ಗದಿಂದ ಹೋಗುವುದು ಅಂದರೆ ಅರ್ಧ ದಿನದ ಕೆಲಸ ಆಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪೆರ್ಲದ ಕೃಷಿಕ

ಸುರಕ್ಷತೆ ಬಗ್ಗೆ ಯಾರೂ ಹೇಳಲಿಲ್ಲ. ಪೋಖರಾದಲ್ಲಿ ಬಿದ್ದದ್ದು ಎಟಿಆರ್. ಬ್ರೆಜಿಲ್‌ನಲ್ಲಿ ಸುತ್ತುತ್ತಾ ಬಿದ್ದ ವಿಡಿಯೋ ಎಲ್ಲರ ಫೋನಿಗೂ ಬಂತು. ಅದೂ ಎಟಿಆರ್. ಅಮ್ಮನಿಗೆ ಏನಂತ ಹೇಳಲಿ?

ಕುಂಬಳೆ ಕಡಲು

ಕೇಳಬೇಕಾದ ಪ್ರಶ್ನೆ. ಮುಚ್ಚಿಡುವಂಥದ್ದೇನೂ ಇಲ್ಲ.

ಪೋಖರಾ, 2023ರ ಜನವರಿ 15. 72 ಜನ ಹೋದರು. ತನಿಖೆಯಲ್ಲಿ ಕಂಡದ್ದು ಇಷ್ಟು: ಇಳಿಯುವ ಮೊದಲು ರೆಕ್ಕೆಯ ಹಿಂದಿನ ಅಂಚು ಇಳಿಸುವ ಫ್ಲ್ಯಾಪ್ ಲಿವರ್ ಎಳೆಯುವ ಬದಲು ಪ್ರೊಪೆಲ್ಲರಿನ ಲಿವರ್‌ಗಳನ್ನು ಫೆದರ್‌ಗೆ ಎಳೆದಿದ್ದಾರೆ. ಫೆದರ್ ಅಂದರೆ ಬ್ಲೇಡುಗಳು ಗಾಳಿಗೆ ಅಂಚು ಕೊಟ್ಟು ನಿಲ್ಲುವುದು. ಎಂಜಿನ್ ಕೆಟ್ಟಾಗ ಅದು ಜೀವ ಉಳಿಸುವ ಸ್ಥಿತಿ. ಸರಿ ಇರುವ ಎಂಜಿನ್‌ಗಳಿಗೆ ಎರಡಕ್ಕೂ ಮಾಡಿದರೆ ತಳ್ಳುವ ಶಕ್ತಿಯೇ ಹೋಗುತ್ತದೆ.

ಬ್ರೆಜಿಲ್, 2024ರ ಆಗಸ್ಟ್ 9. 62 ಜನ. ಅಲ್ಲಿ ರೆಕ್ಕೆಗೆ ಹಿಮ ಕಟ್ಟುವ ಹವೆ ಇತ್ತು. ಹಿಮದ ಸಮಸ್ಯೆ ಟರ್ಬೊಪ್ರಾಪ್‌ಗೆ, ಅಂದರೆ ಟರ್ಬೈನ್ ಸುತ್ತಿಸುವ ಪ್ರೊಪೆಲ್ಲರ್ ಇರುವ ವಿಮಾನಕ್ಕೆ, ಹಳೆಯದು. 1994ರಲ್ಲಿ ಅಮೆರಿಕದ ರೋಸ್‌ಲಾನ್‌ನಲ್ಲಿ ಎಟಿಆರ್ 72 ಬಿದ್ದು 68 ಜನ ತೀರಿಹೋದರು. ಆಮೇಲೆ ರೆಕ್ಕೆಯ ಮುಂಚೂಣಿಯ ರಬ್ಬರ್ ಬೂಟುಗಳನ್ನು ಅಗಲ ಮಾಡಿದರು. ನೀವು ಹತ್ತುವಾಗ ನೋಡಿ, ರೆಕ್ಕೆ ಮುಂದಿನ ಅಂಚಲ್ಲಿ ಕಪ್ಪು ಪಟ್ಟಿ ಕಾಣುತ್ತದೆ. ಅದು ಉಬ್ಬಿ ಇಳಿದು ಹಿಮವನ್ನು ಒಡೆದು ಉದುರಿಸುತ್ತದೆ. ಜೆಟ್ ಮೋಡ ದಾಟಿ ಮೂವತ್ತೈದು ಸಾವಿರ ಅಡಿಗೆ ಹೋಗುತ್ತದೆ. ಎಟಿಆರ್‌ನ ಮಿತಿ 25 ಸಾವಿರ ಅಡಿ, ಅದು ಮೋಡದ ನಡುವೆಯೇ ಓಡಬೇಕು. ಕುಲುಕಾಟ ಜಾಸ್ತಿ ಅನಿಸಲು ಕಾರಣವೂ ಇದೇ. ನಮ್ಮ ಕಡೆ ಮಳೆಗಾಲದಲ್ಲಿ ನೀರು ಹೆಪ್ಪುಗಟ್ಟುವ ಮಟ್ಟ ಹದಿನಾರು ಸಾವಿರ ಅಡಿ ಆಸುಪಾಸು ಇರುತ್ತದೆ. ಹತ್ತಿರದ ದಾರಿಯ ವಿಮಾನ ಹೆಚ್ಚಾಗಿ ಅದರ ಸುತ್ತಮುತ್ತಲೇ ಓಡುತ್ತದೆ. ಬೇಕೆಂದರೆ ಕೆಳಗಿಳಿದು ಬಿಸಿ ಗಾಳಿಗೆ ಬರಬಹುದು. ಯುರೋಪಿನ ಚಳಿಗಾಲದಲ್ಲಿ ಆ ಅನುಕೂಲ ಇಲ್ಲ.

ಇನ್ನು ನಮ್ಮದೇ ಮಾತು. 2010ರ ಮೇ 22. ಬಜ್ಪೆಯಲ್ಲಿ 158 ಜನ. ನಮ್ಮ ಜಿಲ್ಲೆಯ ಎಷ್ಟು ಮನೆಗಳಲ್ಲಿ ಆ ದಿನ ಇವತ್ತಿಗೂ ಇದೆ ಅಂತ ನಿಮಗೂ ಗೊತ್ತು. ಅದು ಬೋಯಿಂಗ್ 737, ಜೆಟ್. ತಪ್ಪಾದ ಎತ್ತರದಲ್ಲಿ, ತಪ್ಪಾದ ವೇಗದಲ್ಲಿ ಬಂದ ಇಳಿಕೆಯನ್ನು ಅಲ್ಲೇ ಬಿಟ್ಟು ಮತ್ತೆ ಮೇಲೇಳಬೇಕಿತ್ತು, ಏಳಲಿಲ್ಲ. ಪ್ರೊಪೆಲ್ಲರ್ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಪೈಲಟ್ ತರಬೇತಿ, ದಣಿವು, ನಿರ್ವಹಣೆ ನೋಡಬೇಕು. ಅಮ್ಮನಿಗೆ ಹಾಗೇ ಹೇಳಿ.

ಬಜ್ಪೆ ರ‍್ಯಾಂಪ್

ಬಜ್ಪೆಯ ಹಳೆಯ ಕತೆಯೂ ಪ್ರೊಪೆಲ್ಲರಿನದ್ದೇ. 1951ರ ಡಿಸೆಂಬರ್ 25ರಂದು ನೆಹರೂ ಬಂದು ಇಳಿದದ್ದು ಡಕೋಟಾದಲ್ಲಿ. ಅದು ಪಿಸ್ಟನ್ ಎಂಜಿನ್. ಆಮೇಲೆ ಆವ್ರೋ ಬಂತು. ಎಚ್ಎಎಲ್ ಕಾನ್ಪುರದಲ್ಲಿ ಕಟ್ಟಿದ ಟರ್ಬೊಪ್ರಾಪ್ ಅದು. ಹಳೆಯ ರನ್‌ವೇ 1,615 ಮೀಟರ್ ಮಾತ್ರ, ಎರಡೂ ತುದಿಗೆ ಕಣಿವೆ. 1981ರ ಆಗಸ್ಟ್‌ನಲ್ಲಿ ಮಳೆಯಲ್ಲಿ ಒಂದು ಆವ್ರೋ ರನ್‌ವೇ ದಾಟಿ ಹೋಗಿ ಅಂಚಲ್ಲೇ ನಿಂತಿತು. ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ವೀರಪ್ಪ ಮೊಯ್ಲಿ ಅದರಲ್ಲಿದ್ದರು. ಯಾರ ಜೀವವೂ ಹೋಗಲಿಲ್ಲ. 2,450 ಮೀಟರಿನ ಹೊಸ ರನ್‌ವೇ ಬಂದದ್ದು 2006ರಲ್ಲಿ. ಇಂಡಿಗೋ 2017ರ ಡಿಸೆಂಬರ್‌ನಲ್ಲಿ ಎಟಿಆರ್ ಓಡಿಸಲು ಶುರು ಮಾಡಿದಾಗ ಆರಂಭದ ಊರುಗಳ ಪಟ್ಟಿಯಲ್ಲಿ ಮಂಗಳೂರೂ ಇತ್ತು.

ಹೊಸೂರು ಪ್ರಯಾಣಿಕ

ನಮ್ಮ ಕಡೆಯದ್ದು ಬೇರೆ ಥರದ ಕಷ್ಟ. ಹೊಸೂರಿನಲ್ಲಿ ರನ್‌ವೇ ಇದೆ, ಖಾಸಗಿಯವರದ್ದು, ತನೇಜಾ ಏರೋಸ್ಪೇಸ್‌ನದ್ದು. ಎಟಿಆರ್ ಆರಾಮಾಗಿ ಇಳಿಯುವಷ್ಟು ಉದ್ದ ಇದೆ. ಆದರೆ ಬೆಂಗಳೂರು ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಸುತ್ತ 25 ವರ್ಷ ಬೇರೆ ನಿಲ್ದಾಣ ಬೇಡ ಅಂತ ಇದೆ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. 2033ರವರೆಗೆ ಈ ಬೇಲಿ. ತಮಿಳುನಾಡು ಸರ್ಕಾರ 2024ರಲ್ಲಿ 2,000 ಎಕರೆಯಲ್ಲಿ ದೊಡ್ಡ ನಿಲ್ದಾಣ ಮಾಡುತ್ತೇವೆ ಅಂತ ಘೋಷಿಸಿತು. ಅದು ಬರುವಾಗ ಬರಲಿ. ಇವತ್ತು ನಾನು ಹೊಸೂರಿನಿಂದ ದೇವನಹಳ್ಳಿಗೆ ಇಡೀ ಬೆಂಗಳೂರು ದಾಟಿ ಹೋಗಬೇಕು. ಅಷ್ಟು ಹೊತ್ತಿಗೆ ಚೆನ್ನೈ ರಸ್ತೆಯಲ್ಲಿ ಅರ್ಧ ದಾರಿ ಆಗಿರುತ್ತದೆ.

ಆದವಾನಿ ಅಕ್ಕ

ಕರ್ನೂಲಿನ ಓರ್ವಕಲ್ಲು ನಿಲ್ದಾಣ 2021ರ ಮಾರ್ಚ್‌ನಲ್ಲಿ ಶುರುವಾಯಿತು. 2,000 ಮೀಟರ್ ರನ್‌ವೇ, ಇಂಡಿಗೋ ಎಟಿಆರ್, ಬೆಂಗಳೂರು, ಚೆನ್ನೈ, ವಿಶಾಖಪಟ್ಟಣ. ನಮಗೆ ಆದವಾನಿಯಿಂದ ಅದೂ ನೂರು ಕಿಲೋಮೀಟರ್ ಮೇಲೆ, ಈ ಕಡೆ ತೋರಣಗಲ್ಲಿನ ವಿದ್ಯಾನಗರವೂ ನೂರರ ಆಸುಪಾಸು. ವಿದ್ಯಾನಗರಕ್ಕೆ 2017ರಲ್ಲಿ ಟ್ರೂಜೆಟ್ ಎಟಿಆರ್ ಬಂತು. ಬೀದರಿಗೂ 2020ರಲ್ಲಿ ಅದೇ ಕಂಪನಿ. ಆಮೇಲೆ ಕಂಪನಿಯೇ ನಿಂತಿತು. ಸಣ್ಣ ಊರಿಗೆ ಕೊಟ್ಟ ವಿಮಾನ ಉಳಿಯುವುದೇ ಇಲ್ಲ ಯಾಕೆ? ಒಂದು ಸಲ ಮದುವೆಗೆ ಅಂತ ಟಿಕೆಟ್ ತೆಗೆದಿಟ್ಟಿದ್ದೆವು, ಹಿಂದಿನ ದಿನ ಸಂಜೆ ರದ್ದು ಅಂತ ಮೆಸೇಜು ಬಂತು. ಮನೆಯವರೆಲ್ಲ ರಾತ್ರೋರಾತ್ರಿ ಕಾರು ಹುಡುಕಿದೆವು. ಅಂಥದ್ದು ಒಂದು ಸಲ ಆದರೆ ಜನ ಮತ್ತೆ ನಂಬುವುದಿಲ್ಲ.

ಕುಂಬಳೆ ಕಡಲು

ಅಕ್ಕ, ಈ ಚರ್ಚೆಯಲ್ಲಿ ನಾನು ಕಾಯುತ್ತಿದ್ದ ಪ್ರಶ್ನೆ ಇದು.

ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಶುರುವಾದದ್ದು 2016ರಲ್ಲಿ. ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ, ಅಲಯನ್ಸ್ ಏರ್‌ನ ಎಟಿಆರ್ 42. ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಅಂತ ಅರ್ಧದಷ್ಟು ಸೀಟಿಗೆ ಮಿತಿ ಹಾಕಿದರು. ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ, ಆದರೆ ಮೂರು ವರ್ಷ ಮಾತ್ರ. ಅಷ್ಟರಲ್ಲಿ ದಾರಿ ತನ್ನ ಕಾಲ ಮೇಲೆ ನಿಲ್ಲಬೇಕು.

ನಿಂತಿತಾ? ಸರ್ಕಾರದ ಲೆಕ್ಕ ಪರಿಶೋಧನೆ ಮಾಡುವ ಸಿಎಜಿ 2023ರಲ್ಲಿ ವರದಿ ಕೊಟ್ಟಿತು. ಉಡಾನ್ 3ನೇ ಹಂತದವರೆಗೆ ಕೊಟ್ಟ 774 ದಾರಿಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಅವುಗಳಲ್ಲಿ 2023ರ ಮಾರ್ಚ್ ಹೊತ್ತಿಗೆ ಉಳಿದದ್ದು 54. ಈ ಅಂಕಿ ಓದಿದಾಗ ನನಗೆ ನಿಜಕ್ಕೂ ಬೇಸರವಾಯಿತು.

ಬಸ್ಸಿನ ಹಾಗೆ ಯೋಚಿಸಿ. ಊರಿಗೆ ದಿನಕ್ಕೆ ಒಂದೇ ಬಸ್ಸು, ಅದೂ ಮಧ್ಯಾಹ್ನ ಹನ್ನೆರಡಕ್ಕೆ, ವಾರಕ್ಕೆ ಮೂರು ದಿನ ಬಂದರೆ ಯಾರು ಕಾಯುತ್ತಾರೆ? ಎಷ್ಟೋ ಊರಿಗೆ ಕೊಟ್ಟದ್ದು ಅಂಥ ವಿಮಾನ. ಜನ ಹತ್ತಲಿಲ್ಲ. ಹತ್ತಲಿಲ್ಲ ಅಂತ ನಿಲ್ಲಿಸಿದರು. ಆಮೇಲೆ ಆ ಊರಿಗೆ ಬೇಡಿಕೆ ಇಲ್ಲ ಅಂತ ಬರೆದರು.

ಟರ್ಬೊಪ್ರಾಪ್‌ನ ಬೆಲೆ ಇರುವುದೇ ಇಲ್ಲಿ. 186 ಸೀಟಿನ ಜೆಟ್ ದಿನಕ್ಕೆರಡು ಸಲ ಬಂದರೆ ಒಂದು ಕಡೆಗೆ 372 ಸೀಟು. 78 ಸೀಟಿನ ಎಟಿಆರ್ ಐದು ಸಲ ಬಂದರೆ 390. ಹೆಚ್ಚುಕಡಿಮೆ ಅಷ್ಟೇ ಜನ, ಆದರೆ ಬೆಳಗ್ಗೆ, ಹನ್ನೊಂದಕ್ಕೆ, ಮಧ್ಯಾಹ್ನ, ಸಂಜೆ, ರಾತ್ರಿ. ದಿನಕ್ಕೆ ನೂರೈವತ್ತು ಜನ ಮಾತ್ರ ಇರುವ ದಾರಿಗೆ ಜೆಟ್ ಒಂದು ಸಲವೂ ತುಂಬುವುದಿಲ್ಲ. ಎಟಿಆರ್ ಬೆಳಗ್ಗೆ ಒಂದು, ಸಂಜೆ ಒಂದು ತುಂಬುತ್ತದೆ.

ಉಪ್ಪಳ-ದುಬೈ

ಹಾಗಾದರೆ ಕಂಪನಿಗಳು ಯಾಕೆ ಎಲ್ಲ ಕಡೆ ಎಟಿಆರ್ ಹಾಕುವುದಿಲ್ಲ? ಲಾಭ ಇದ್ದರೆ ಹಾಕುತ್ತಿದ್ದರು ಅಲ್ವಾ.

ಬಜ್ಪೆ ರ‍್ಯಾಂಪ್

ಒಂದು ಹಾರಾಟದ ಖರ್ಚು ಬೇರೆ, ಒಂದು ಸೀಟಿನ ಖರ್ಚು ಬೇರೆ. ಎಟಿಆರ್ ಗಂಟೆಗೆ ಏಳೆಂಟುನೂರು ಕಿಲೋ ಇಂಧನ ಸುಡುತ್ತದೆ. ಎ320 ಎರಡು ಟನ್‌ಗಿಂತ ಜಾಸ್ತಿ. ಹಾರಾಟದ ಲೆಕ್ಕದಲ್ಲಿ ಎಟಿಆರ್ ತುಂಬಾ ಅಗ್ಗ. ಆದರೆ ಜೆಟ್‌ನಲ್ಲಿ ಸೀಟು ಎರಡೂಕಾಲು ಪಟ್ಟಿಗೂ ಜಾಸ್ತಿ, ವೇಗವೂ ಜಾಸ್ತಿ. ಅದನ್ನು ಪೂರ್ತಿ ತುಂಬಿಸಿದರೆ ಒಂದೊಂದು ಸೀಟಿಗೆ ಜೆಟ್ಟೇ ಅಗ್ಗ ಬೀಳಬಹುದು. ಅದಕ್ಕೇ ದಾರಿ ಸ್ವಲ್ಪ ಬೆಳೆದ ಕೂಡಲೇ ಎಟಿಆರ್ ತೆಗೆದು ಜೆಟ್ ಹಾಕುತ್ತಾರೆ, ಐದರ ಬದಲು ಎರಡು.

ಇನ್ನೊಂದು ಅಡ್ಡಿ ದೊಡ್ಡ ನಿಲ್ದಾಣದ ಸ್ಲಾಟ್. ಮುಂಬೈಯಲ್ಲಿ 78 ಜನರ ವಿಮಾನಕ್ಕೂ ಒಂದು ಇಳಿಯುವ ಸಮಯ ಬೇಕು, 186 ಜನರದ್ದಕ್ಕೂ ಒಂದೇ. ಕಂಪನಿ ಯಾವುದಕ್ಕೆ ಕೊಡುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಸಣ್ಣ ವಿಮಾನ ಬದುಕಬೇಕಾದರೆ ಬೆಂಗಳೂರು, ಮುಂಬೈಯಂಥ ಕಡೆ ಅದಕ್ಕೆ ಅಂತಲೇ ಸಮಯ ಮೀಸಲಿಡಬೇಕು. ಇಲ್ಲವೇ ಸಣ್ಣ ಊರಿನಿಂದ ಸಣ್ಣ ಊರಿಗೆ ಓಡಿಸಬೇಕು. ಫ್ಲೈ91 ಗೋವಾ, ಸಿಂಧುದುರ್ಗ, ಜಳಗಾಂವ್, ಅಗತ್ತಿ ಅಂತ ಹೊರಟದ್ದು ಇಂಥ ದಾರಿಯಲ್ಲೇ.

ಸರ್ಕಾರದ ಕಡೆಯಿಂದ ಅನುಕೂಲವೂ ಇದೆ, ಅದನ್ನೂ ಹೇಳಬೇಕು. ದೇಶದೊಳಗೆ ಓಡುವ 80 ಸೀಟಿಗಿಂತ ಕಡಿಮೆಯ ವಿಮಾನಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರ ಇಳಿಯುವ ಶುಲ್ಕ ಬಿಟ್ಟಿದೆ. 40 ಟನ್ ಒಳಗಿನ ವಿಮಾನದ ಇಂಧನಕ್ಕೆ ಮಾರಾಟ ತೆರಿಗೆ ತುಂಬಾ ಕಡಿಮೆ. ಎಟಿಆರ್ 23 ಟನ್, 78 ಸೀಟು. ಎರಡರಲ್ಲೂ ಪಾಸು.

ಅಕ್ಕಲಕೋಟೆ ಕನ್ನಡಿಗ

ಸ್ಟಾರ್ ಏರ್ ನಮ್ಮ ಬೆಳಗಾವಿ, ಕಲಬುರಗಿ, ಕೊಲ್ಹಾಪುರ ಕಡೆ ಎಂಬ್ರೇಯರ್ ಜೆಟ್ ಓಡಿಸುತ್ತದೆ. 50 ಸೀಟಿನದ್ದು, 76 ಸೀಟಿನದ್ದು. ಅದು ಸಣ್ಣ ಜೆಟ್. ಎಟಿಆರ್ ಮಾತ್ರವೇ ಉತ್ತರ ಅನ್ನಬೇಡಿ.

ಕುಂಬಳೆ ಕಡಲು

ಒಪ್ಪಿದೆ. ಬೆಳಗಾವಿಯಿಂದ ಸಾವಿರ ಕಿಲೋಮೀಟರ್ ದೂರದ ಊರಿಗೆ ಸಣ್ಣ ಜೆಟ್ಟೇ ಸರಿ. ಐನೂರರ ಒಳಗೆ ಇಂಧನ ಲೆಕ್ಕ ಟರ್ಬೊಪ್ರಾಪ್ ಕಡೆಗೇ ವಾಲುತ್ತದೆ. ಅಷ್ಟೇ ಗಾತ್ರದ ಸಣ್ಣ ಜೆಟ್‌ಗಿಂತ ಶೇಕಡ 45ರಷ್ಟು ಕಡಿಮೆ ಇಂಧನ ಅಂತ ಎಟಿಆರ್ ಕಂಪನಿ ಹೇಳಿಕೊಳ್ಳುತ್ತದೆ. ಮಾರುವವರ ಮಾತು, ಸ್ವಲ್ಪ ಕಡಿಮೆ ಮಾಡಿಯೇ ಹಿಡಿಯೋಣ.

ಹೊಸೂರು ಪ್ರಯಾಣಿಕ

ಸ್ಪೈಸ್‌ಜೆಟ್‌ನ ಕ್ಯೂ400 ಎಂಬ ಪ್ರೊಪೆಲ್ಲರ್ ವಿಮಾನ ಮರೆತಿರಾ? ಅದು ಎಟಿಆರ್‌ಗಿಂತ ಎಷ್ಟೋ ವೇಗ, ಗಂಟೆಗೆ 650ರ ಮೇಲೆ. 2018ರಲ್ಲಿ ಡೆಹ್ರಾಡೂನ್‌ನಿಂದ ದೆಹಲಿಗೆ ಜಟ್ರೋಫಾ ಎಣ್ಣೆಯ ಇಂಧನ ಬೆರೆಸಿ ಹಾರಿಸಿದ್ದೂ ಅದನ್ನೇ. ವೇಗ ಇದ್ದರೂ ಇಂಧನ ಜಾಸ್ತಿ, ನಿರ್ವಹಣೆ ಜಾಸ್ತಿ. 2021ರಲ್ಲಿ ಅದನ್ನು ಕಟ್ಟುವುದೇ ನಿಂತಿತು. ಈಗ ಈ ಗಾತ್ರದಲ್ಲಿ ಹೊಸತು ಬೇಕೆಂದರೆ ಹೆಚ್ಚುಕಡಿಮೆ ಎಟಿಆರ್ ಒಂದೇ.

ಬೆಂಗಳೂರಲ್ಲಿ ಎಚ್ಎಎಲ್ ಇದೆ, ಎನ್ಎಎಲ್ ಇದೆ. ನಮ್ಮದೇ ಒಂದು 70 ಸೀಟಿನ ವಿಮಾನ ಇಲ್ಲ ಅನ್ನುವುದು ನನಗೆ ಕೊರಗು. ಎನ್ಎಎಲ್ ಮಾಡಿದ ಸಣ್ಣ ವಿಮಾನ ಸಾರಸ್ 2004ರಲ್ಲಿ ಮೊದಲು ಹಾರಿತು. 2009ರಲ್ಲಿ ಬಿಡದಿ ಹತ್ತಿರ ಪರೀಕ್ಷಾ ಹಾರಾಟದಲ್ಲಿ ಬಿದ್ದು ಮೂವರು ವಾಯುಪಡೆ ಅಧಿಕಾರಿಗಳು ತೀರಿಹೋದರು. ಅದಾದ ಮೇಲೆ ಕೆಲಸ ವರ್ಷಗಟ್ಟಲೆ ನಿಂತೇ ಹೋಯಿತು. ಎಚ್ಎಎಲ್ ಕಟ್ಟಿದ ಡೋರ್ನಿಯರ್ 2022ರ ಏಪ್ರಿಲ್‌ನಲ್ಲಿ ದಿಬ್ರುಗಢದಿಂದ ಪಾಸಿಘಾಟ್‌ಗೆ ಪ್ರಯಾಣಿಕರನ್ನು ಕರೆದುಕೊಂಡು ಹೋಯಿತು. ಅದು ಜರ್ಮನಿಯ ವಿನ್ಯಾಸ, 17 ಸೀಟು.

ಹೊಸದುರ್ಗ ಟೀಚರ್

ಎಲ್ಲ ಓದಿದೆ. ನನ್ನ ಪ್ರಶ್ನೆ ಈಗ ನೇರ. ಕಣ್ಣೂರಿನಿಂದ 2019ರಲ್ಲಿ ಇಂಡಿಗೋ ಎಟಿಆರ್ ಹುಬ್ಬಳ್ಳಿ, ಗೋವಾ, ಹೈದರಾಬಾದ್, ಚೆನ್ನೈಗೆ ಶುರುವಾಗಿತ್ತು. ತಿರುವನಂತಪುರಕ್ಕೂ ಹಾಕಿದ್ದರು. ಅವೆಲ್ಲ ಇದ್ದ ಹಾಗೇ ಉಳಿದಿದ್ದರೆ ನಾನು ಪೆರಿಯ ಕೇಳುತ್ತಿರಲಿಲ್ಲ. ಈಗ ಯಾರಿಗೆ, ಏನಂತ ಬರೆಯಬೇಕು? ಸುಮ್ನೆ ಇಲ್ಲಿ ಮಾತಾಡಿದರೆ ಆಗುವುದಿಲ್ಲ.

ಕುಂಬಳೆ ಕಡಲು

ಸರಿ ಟೀಚರ್. ನಾನು ಬರೆದಿಟ್ಟ ಕರಡು ಇಷ್ಟು. ಸಂಸದರಿಗೆ, ರಾಜ್ಯ ಸಾರಿಗೆ ಇಲಾಖೆಗೆ, ಎಟಿಆರ್ ಇರುವ ಕಂಪನಿಗಳಿಗೆ ಒಂದೇ ಪತ್ರ.

ಮಂಗಳೂರಿನಿಂದ ಅಥವಾ ಕಣ್ಣೂರಿನಿಂದ ತಿರುವನಂತಪುರಕ್ಕೆ ಬೆಳಗ್ಗೆ ಏಳರ ಒಳಗೆ ಹೊರಟು, ಸಂಜೆ ಆರರ ನಂತರ ಅಲ್ಲಿಂದ ವಾಪಸ್ ಹೊರಡುವ ಎಟಿಆರ್, ವಾರದ ಕೆಲಸದ ಐದೂ ದಿನ. ಮಧ್ಯೆ ಕೊಚ್ಚಿಯಲ್ಲಿ ನಿಂತರೂ ಪರವಾಗಿಲ್ಲ. ಮಂಗಳೂರಿನಿಂದ ನೇರ ಅಳೆದರೆ 540 ಕಿಲೋಮೀಟರ್ ಆಸುಪಾಸು, ಒಂದೂವರೆ ಗಂಟೆ. ವಿಮಾನ ರಾತ್ರಿ ಇಲ್ಲೇ ನಿಲ್ಲಬೇಕು, ಆಗ ಮಾತ್ರ ಬೆಳಗ್ಗೆ ಬೇಗ ಹೊರಡಲು ಆಗುತ್ತದೆ. ಕೇರಳ ಸರ್ಕಾರ ಮೊದಲ ವರ್ಷ ಕೆಲವು ಸೀಟಿನ ಖಾತರಿ ಕೊಡಲಿ, ಸರ್ಕಾರಿ ಕೆಲಸಕ್ಕೆ ಹೋಗುವವರೇ ಅಷ್ಟು ಜನ ಇದ್ದಾರೆ. ಮೂರು ವರ್ಷ ಸಮಯ ಬದಲಿಸದೆ ಓಡಿಸಲಿ. ಜೊತೆಗೆ ಕಾಸರಗೋಡು ಬಸ್ ಸ್ಟ್ಯಾಂಡಿನಿಂದ ಆ ವಿಮಾನದ ಹೊತ್ತಿಗೆ ಸರಿಯಾಗಿ ಒಂದು ಬಸ್ಸು.

ಅಕ್ಕಲಕೋಟೆಯವರೇ, ಸೋಲಾಪುರ-ಬೆಂಗಳೂರಿಗೆ ಇದೇ ಮಾದರಿಯಲ್ಲಿ ನೀವು ಬರೆಯುತ್ತೀರಾ?

ಅಕ್ಕಲಕೋಟೆ ಕನ್ನಡಿಗ

ಬರೆಯುತ್ತೇನೆ. ಮರಾಠಿಯಲ್ಲೂ ಒಂದು ಪ್ರತಿ ಮಾಡುತ್ತೇನೆ, ಇಲ್ಲಾಂದ್ರೆ ಇಲ್ಲಿ ಯಾರೂ ಓದುವುದಿಲ್ಲ.

ಹೊಸದುರ್ಗ ಟೀಚರ್

ಮಲಯಾಳದ್ದು ನನಗೆ ಬಿಡಿ. ಬಸ್ಸು ಹೊಸದುರ್ಗದಿಂದಲೂ ಒಂದು ಅಂತ ಸೇರಿಸಿ, ಕಣ್ಣೂರಿನ ಕಡೆಗೆ.

ಪೆರ್ಲದ ಕೃಷಿಕ

ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಸಹಿ ನಾನು ಮಾಡಿಸುತ್ತೇನೆ. ಅಡಿಕೆ ವ್ಯಾಪಾರಿಗಳನ್ನೂ ಕೇಳುತ್ತೇನೆ. ಕರಡಿನಲ್ಲಿ ಹೊರಡುವ ಸಮಯ ಆರೂವರೆ ಅಂತ ಮಾಡಿ. ಏಳಕ್ಕೆ ಹೊರಟರೆ ಕೊಚ್ಚಿಯಲ್ಲಿ ನಿಂತು ಹೋಗುವಾಗ ಆಫೀಸು ತೆರೆಯುವ ಹೊತ್ತು ದಾಟುತ್ತದೆ.